ಬಾಗಿಲು ಬಾಗಿಲಿಗೆ ನಿಲ್ಲುತ್ತಿದ್ದ ಕತ್ತೆ

ನಮ್ಮ ಬೀದಿಯ ಕೊನೆಯಲ್ಲಿ ಹೊಸದಾಗಿ ಮನೆ ಕಟ್ಟಿದವರು ಮಹಡಿಯ ಕಂಬಿಗೆ ಕತ್ತೆಯ ಪಟ ತಗಲಿಹಾಕಿದ್ದಾರೆ. ಹಲ್ಲು ಕಿರಿದ ಕತ್ತೆ, ಅದರ ಕೆಳಗೆ ‘ನನ್ನ ನೋಡಿ ನಗು’ ಎಂಬ ಬರಹ. ದೃಷ್ಟಿ ತಾಗದಿರಲಿ ಎಂದು ಹಾಕುತ್ತಾರೆ. ಬೇಸಿಗೆ ರಜೆಗೆ ಬಂದಾಗ ನೀವು ಅದನ್ನು ನೋಡಿ ನಕ್ಕು, ಒಬ್ಬರನ್ನೊಬ್ಬರು ಕತ್ತೆ ಕತ್ತೆ ಎಂದು ಕರೆದುಕೊಂಡು ಓಡಾಡಿದಿರಿ. ಚಿಕ್ಕವಳು ಒಳಗೆ ಬಂದು, “ಅಜ್ಜಿ, ನಮ್ಮನೇಲಿ ನಿಜವಾದ ಕತ್ತೆ ಇತ್ತಂತೆ. ಏನಾಯ್ತು ಅದು?” ಎಂದು ಕೇಳಿದಳು. ಕೊಟ್ಟುಬಿಟ್ಟೆವು ಎಂದಷ್ಟೇ ಹೇಳಿ ನಾನು ಅಡುಗೆಮನೆಗೆ ಹೋದೆ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದರೆ ಆದೀತು.

ದೊಡ್ಡವನ ಪಾಠದ ಪುಸ್ತಕ ತಿರುವಿ ನೋಡಿದೆ. ಕತ್ತೆ ಬಹಳ ಹಿಂದಿನಿಂದ ಮನುಷ್ಯನ ಹೊರೆ ಹೊತ್ತಿದೆ, ಅದು ಉಪಕಾರಿ ಪ್ರಾಣಿ ಎಂದು ಬರೆದಿದ್ದಾರೆ. ನಿಜವೇ. ನಮ್ಮೂರಿನ ಕೆರೆಯ ಏರಿಗೆ ಮಣ್ಣು ಹೊತ್ತದ್ದು ಕತ್ತೆಗಳೇ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಯಾವ ಕಾಲದಲ್ಲೋ, ಯಾರ ಕತ್ತೆಗಳೋ. ಏರಿ ಕಟ್ಟಿಸಿದವನ ಹೆಸರಿನ ಕಲ್ಲು ತೂಬಿನ ಹತ್ತಿರ ಇದೆ. ಉಪಕಾರ ಪಡೆದವರು ಆಮೇಲೆ ಏನು ಮಾಡಿದರು ಎಂಬುದು ಆ ಕಲ್ಲಿನಲ್ಲೂ ಇಲ್ಲ, ನಿಮ್ಮ ಪುಸ್ತಕದಲ್ಲೂ ಇಲ್ಲ.

ನನ್ನನ್ನು ಕೊಟ್ಟ ಊರು ನೊಣವಿನಕೆರೆಯಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದು ಹೋಗುವಷ್ಟು ದೂರ. ಊರಿನ ಬಟ್ಟೆ ಒಗೆಯುವ ಮನೆ ನಮ್ಮದು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಿಮ್ಮ ತಾತ ತಿಪಟೂರಿನಲ್ಲಿ ಒಂದು ಇಸ್ತ್ರಿ ಅಂಗಡಿಯಲ್ಲಿ ಕೂಲಿಗಿದ್ದು, ಸಂತೆಯ ದಿನ ಬಂದು ಹೋಗುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ ಮತ್ತು ಕತ್ತೆ. ಬೆಳಿಗ್ಗೆ ಮನೆಮನೆಯಿಂದ ಮೈಲಿಗೆ ಬಟ್ಟೆ ಎತ್ತಿ ಕತ್ತೆಯ ಮೇಲೆ ಹೇರಿ ಕೆರೆಗೆ ಹೋಗಬೇಕು. ಸಂಜೆ ಮತ್ತೆ ಅದೇ ಬಾಗಿಲುಗಳಿಗೆ ಹೋಗಿ ಮಡಿ ಬಟ್ಟೆ ಕೊಟ್ಟರೆ ಒಂದು ಮುದ್ದೆ, ಒಂದು ಸೌಟು ಸಾರು. ಸುಗ್ಗಿಯಲ್ಲಿ ರಾಗಿ, ಕಾಯಿ. ಹೊಲ ತೋಟ ಏನೂ ಇರಲಿಲ್ಲ. ಕತ್ತೆಯ ಬೆನ್ನಿಗೆ ಬಟ್ಟೆ ಬಿದ್ದರೆ ನಮ್ಮ ತಟ್ಟೆಗೆ ಹಿಟ್ಟು ಬೀಳುತ್ತಿತ್ತು.

ಬೂದು ಬಣ್ಣದ ಹೆಣ್ಣು ಕತ್ತೆ. ಮರಿಯಾಗಿದ್ದಾಗಲೇ ಅದರ ಮೂಗಿನ ಹೊಳ್ಳೆ ಎರಡನ್ನೂ ಚಾಕುವಿನಿಂದ ಸೀಳಿದ್ದರು. ಹೊರೆ ಹೊತ್ತಾಗ ಉಸಿರು ಚೆನ್ನಾಗಿ ಆಡುತ್ತದೆ ಎಂದು ನಂಬಿಕೆ. ಉಸಿರಾಡಿದರೆ ಆ ಸೀಳು ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತಿತ್ತು. ಮೊದಮೊದಲು ನನಗೆ ನೋಡಲು ಆಗುತ್ತಿರಲಿಲ್ಲ. ಮೇಯಲು ಬಿಡುವಾಗ ಓಡಿಹೋಗದಂತೆ ಮುಂಗಾಲು ಎರಡನ್ನೂ ಗಿಡ್ಡ ಹಗ್ಗದಲ್ಲಿ ಬಿಗಿಯುತ್ತಿದ್ದರು. ಆಗ ಅದು ಕುಪ್ಪಳಿಸಿ ಕುಪ್ಪಳಿಸಿ ಮೇಯಬೇಕು. ಹಗ್ಗ ತಾಗುವ ಕಡೆ ಕೂದಲು ಹೋಗಿ ಚರ್ಮ ಕಪ್ಪಾಗಿತ್ತು.

ನಮ್ಮ ಅತ್ತೆ ಅದಕ್ಕೆ ಒಂದು ಪಾಠ ಕಲಿಸಿದ್ದರು. ಬಟ್ಟೆ ಹಾಕುವ ಪ್ರತಿ ಮನೆಯ ಬಾಗಿಲಲ್ಲೂ ಅದು ತಾನಾಗಿ ನಿಲ್ಲಬೇಕು. ಗಂಟು ಬೆನ್ನಿಗೆ ಬೀಳುವ ತನಕ ಕದಲಬಾರದು. ಬಾಗಿಲು ದಾಟಿ ಮುಂದೆ ಹೋದರೆ ತೆಂಗಿನ ಗರಿಯ ಒಣ ಮಟ್ಟೆಯಿಂದ ಮೂತಿಗೆ ಏಟು. ಗಂಟು ಬೀಳುವ ಮೊದಲು ಹೆಜ್ಜೆ ಎತ್ತಿದರೆ ಆ ಕಾಲಿಗೇ ಏಟು. ನಾನು ಬರುವ ಹೊತ್ತಿಗೆ ಕಲಿತಾಗಿತ್ತು. ಹಿಂದೆ ಯಾರೂ ಇಲ್ಲದಿದ್ದರೂ ಬೀದಿಯಲ್ಲಿ ತಾನೇ ನಡೆದು, ನಿಂತು, ಗಂಟು ಬಿದ್ದ ಮೇಲೆ ಮುಂದಿನ ಬಾಗಿಲಿಗೆ ಹೋಗುತ್ತಿತ್ತು.

“ನಿನ್ ಗಂಡ ಅಆಇಈ ಕಲಿಯೋಕೆ ಇದಕ್ಕಿಂತ ಜಾಸ್ತಿ ಏಟು ತಿಂದ ಕಣೇ” ಎಂದು ಅತ್ತೆ ನಗುತ್ತಿದ್ದರು. “ಮಟ್ಟೆ ಮುರಿದ್ರೂ ಅವನಿಗೆ ಬರ್ನಿಲ್ಲ.”

ಆ ವರ್ಷ ಬೇಸಿಗೆ ಮುಗಿಯುವಾಗ ಊರಿನ ದೊಡ್ಡ ತೋಟದ ಯಜಮಾನರ ಅಟ್ಟದಲ್ಲಿ ಕೊಬ್ಬರಿ ಕಳುವಾಯಿತು. ಈ ಕಡೆ ಕಾಯಿಯನ್ನು ಅಟ್ಟದ ಮೇಲೆ ತುಂಬಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗುಂಡಗೆ ಅಲ್ಲಾಡಬೇಕು. ಆಗ ಇಳಿಸಿ ಸುಲಿಸಿ ಒಡೆಸಿ ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಾರೆ. ಸುಲಿಸಿಟ್ಟ ಮೂಟೆಗಳಲ್ಲಿ ಕೆಲವು ಕಾಣಲಿಲ್ಲ. ಸುಲಿದವನು ನಮ್ಮೂರಿನವನೇ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದವನು. ಅಟ್ಟ ಹತ್ತಿದವನು ಅವನು, ಆದ್ದರಿಂದ ಕದ್ದವನೂ ಅವನೇ ಎಂದಾಯಿತು. ಅವನ ಮನೆಯನ್ನು ತಡಕಿದರು. ಏನೂ ಸಿಗಲಿಲ್ಲ. ಮಾರಿಕೊಂಡಿದ್ದಾನೆ ಎಂದರು. ಪೊಲೀಸಿಗೆ ಕೊಟ್ಟರೆ ಊರಿನ ಮರ್ಯಾದೆ ಹೋಗುತ್ತದೆಂದು ಅರಳಿಕಟ್ಟೆಯ ಮೇಲೆ ಕೂತು, ಕತ್ತೆಯ ಮೇಲೆ ಮೆರವಣಿಗೆ ಮಾಡಿಸುವುದೆಂದು ತೀರ್ಮಾನ ಮಾಡಿದರು.

ಬೆಳಿಗ್ಗೆ ಯಜಮಾನರ ತಮ್ಮ ಮೊಪೆಡ್ಡಿನಲ್ಲಿ ನಮ್ಮ ಮನೆ ಮುಂದೆ ಬಂದು, ಇಳಿಯದೆ, ಕಾಲೂರಿ ನಿಂತ.

“ಕತ್ತೆ ಹೊಡ್ಕಂಡು ಅರಳಿಕಟ್ಟೆಗೆ ಬರಬೇಕಂತೆ.”

ಅತ್ತೆ ಕೈಮುಗಿದರು. “ಅದು ಬಟ್ಟೆ ಹೊರೋ ಕತ್ತೆ, ಬುದ್ಧಿ. ಇಂಥದ್ದಕ್ಕೆ ಕೊಟ್ರೆ ನಾಳೆ ನಿಮ್ಮನೆಯೋರೇ ಅದ್ರ ಮ್ಯಾಲೆ ಬಟ್ಟೆ ಹಾಕಕಿಲ್ಲ. ನಮ್ ಹಿಟ್ಟು ಹೋಯ್ತದೆ.”

“ಹಾಕ್ತೀವಿ ಬಾರಮ್ಮೋ. ಯಾರು ಹಾಕಲ್ಲ ಅಂತಾರೆ ನಾನು ನೋಡ್ಕತೀನಿ.”

“ಪಕ್ಕದೂರಿಂದ ತರ್ಸಿ ಬುದ್ಧಿ.”

“ಊರೇ ಕರೀತೈತೆ. ನೀನೇನು ಊರಿಗಿಂತ ದೊಡ್ಡೋಳಾ? ಇವತ್ತು ಕತ್ತೆ ಬರ್ಲಿಲ್ಲ ಅಂದ್ರೆ ಸಂಜೆ ನೀನೂ ಹಿಟ್ಟಿಗೆ ಬರ್ಬ್ಯಾಡ.”

ಅವನು ಹೋದ ಮೇಲೆ ಅತ್ತೆ ಕತ್ತೆಯ ಮುಂಗಾಲಿನ ಹಗ್ಗ ಬಿಚ್ಚಿದರು. ಕೊಡದಿದ್ದರೆ ಹಿಟ್ಟು ಇವತ್ತೇ ಇಲ್ಲ, ಕೊಟ್ಟರೆ ನಾಳೆ ಇದೆಯೋ ಇಲ್ಲವೋ ತಿಳಿಯದು. ನನ್ನನ್ನೂ ಜೊತೆಗೆ ಬಾ ಎಂದರು.

ಸುಲಿಯುವವನಿಗೆ ಮೈಮೇಲೆ ಚಡ್ಡಿ ಮಾತ್ರ ಉಳಿಸಿ, ಮುಖಕ್ಕೆ ಸುಣ್ಣದ ಬೊಟ್ಟಿಟ್ಟು, ಹಳೆಯ ಚಪ್ಪಲಿಗಳ ಹಾರ ಹಾಕಿದ್ದರು. ಕತ್ತೆಯ ಬಾಲದ ಕಡೆಗೆ ಮುಖ ಮಾಡಿ ಕೂರಿಸಿದರು. ಅವನು ಗಟ್ಟಿ ಆಳು. ಕತ್ತೆಯ ಬೆನ್ನು ಬಗ್ಗಿತು. ಮೊಪೆಡ್ಡು ಮುಂದೆ, ಪೀಪೀ ಎಂದು ಹಾರನ್ನು ಒತ್ತಿಕೊಂಡು. ಹಿಂದೆ ತಮಟೆ. ಹಗ್ಗ ಅತ್ತೆಯ ಕೈಯಲ್ಲಿ.

ಊರಿನವರು ಒಂದನ್ನು ಮರೆತಿದ್ದರು. ಅದು ಯಾವುದೋ ಕತ್ತೆಯಲ್ಲ, ಬಾಗಿಲು ಬಾಗಿಲಿಗೆ ನಿಲ್ಲುವ ಕತ್ತೆ. ಮೊದಲ ಮನೆಯ ಮುಂದೆ ನಿಂತುಬಿಟ್ಟಿತು. ಅದು ಯಜಮಾನರದೇ ಮನೆ.

ಯಜಮಾನರ ಮುದಿ ತಾಯಿ ಜಗಲಿಯಿಂದ ಎದ್ದರು. “ಆ ಶನೀನ ನಮ್ ಬಾಗ್ಲಲ್ಲಿ ಯಾಕ್ ನಿಲ್ಸಿದ್ದೀರಾ? ಮುಂದಕ್ಕೆ ಹೊಡೀರೋ.”

ಹೊಡೆದರು. ಕದಲಲಿಲ್ಲ. ಎಳೆದರು. ಕತ್ತು ಉದ್ದವಾಯಿತೇ ಹೊರತು ಕಾಲು ಏಳಲಿಲ್ಲ. ಅತ್ತೆ ಯಜಮಾನರ ಹತ್ತಿರ ಹೋಗಿ ಮೆಲ್ಲಗೆ, “ಗಂಟು ಬೀಳ್ದೆ ಕದಲಾಕಿಲ್ಲ ಬುದ್ಧಿ, ಒಂದು ಬಟ್ಟೆ ಹಾಕ್ಸಿ” ಎಂದರು.

“ಕಳ್ಳನ ಜೊತೆ ನಮ್ಮನೆ ಬಟ್ಟೆ ಹೊರಿಸ್ತೀಯಾ? ಬಾಯ್ಮುಚ್ಕಂಡು ಎಳಿ.”

ಯಜಮಾನರ ತಮ್ಮ ಮೊಪೆಡ್ಡು ನಿಲ್ಲಿಸಿ ಬಂದು ಕತ್ತೆಯ ಬಾಲ ಹಿಡಿದು ತಿರುಚಿದ. ನಾಲ್ಕಾರು ಹುಡುಗರು ಹಿಂದಿನಿಂದ ತಳ್ಳಿದರು. ಹಾಗೆ ತಳ್ಳಿಕೊಂಡು ಬಾಗಿಲು ದಾಟಿಸಿದರು. ಮುಂದಿನ ಬಾಗಿಲಲ್ಲಿ ಮತ್ತೆ ನಿಂತಿತು. ಮತ್ತೆ ಮಟ್ಟೆ, ಮತ್ತೆ ಬಾಲ. ಬೀದಿ ದಾಟಿ ಮುಗಿಯಬೇಕಾಗಿದ್ದ ಮೆರವಣಿಗೆ ಮನೆ ಮನೆಯ ಮುಂದೆ ನಿಂತು ನಿಂತು ಹೋಯಿತು. ಎಲ್ಲ ಮನೆಯವರಿಗೂ ಅವನನ್ನು ಸಾವಕಾಶವಾಗಿ ನೋಡಲು ಸಿಕ್ಕಿತು.

“ಏನ್ಲಾ, ಕೊಬ್ಬರಿ ಗಿಟುಕು ಸಿಹಿಯಾಗಿತ್ತೇನ್ಲಾ?”

“ಮದುಮಗ ಬಂದವ್ನೆ, ಆರತಿ ತಗಂಬನ್ರೇ.”

“ಎರಡು ಕತ್ತೆ ಅವೆ ಕಣ್ರೀ. ಯಾವ್ದು ಹೊತ್ತಿರೋದು, ಯಾವ್ದು ಕೂತಿರೋದು?”

ಹಿಂದಕ್ಕೆ ಮುಖ ಮಾಡಿ ಕೂತಿದ್ದರಿಂದ ಅವನು ನೋಡುತ್ತಿದ್ದದ್ದು ನನ್ನ ಕಡೆಗೇ. ನಾನು ತಲೆ ತಗ್ಗಿಸಿಕೊಂಡು ಕತ್ತೆಯ ಹಿಂಗಾಲುಗಳನ್ನು ನೋಡಿಕೊಂಡು ನಡೆದೆ. ಮಟ್ಟೆಯ ಗೀರಿನಿಂದ ರಕ್ತ ಇಳಿದು ಗೊರಸಿನ ತನಕ ಬಂದಿತ್ತು.

ಬೀದಿಯ ನಡುವೆ ಅವನದೇ ಮನೆ. ಕತ್ತೆ ಅಲ್ಲಿಯೂ ನಿಂತಿತು. ಅವನ ಮಕ್ಕಳಿಬ್ಬರೂ ಬಾಗಿಲ ಸಂದಿಯಲ್ಲಿದ್ದರು. ಅಷ್ಟು ಹೊತ್ತು ಸುಮ್ಮನಿದ್ದ ಅವನು, “ಮುಂದಕ್ಕೆ ಹೊಡೀರಣ್ಣ, ನಿಮ್ ದಮ್ಮಯ್ಯ” ಎಂದ. ಅದನ್ನು ಕೇಳಿ ಜನಕ್ಕೆ ಹುರುಪು ಬಂತು. ಹೊಡೆಯುತ್ತಿದ್ದವರು ಹೊಡೆಯುವುದನ್ನು ನಿಲ್ಲಿಸಿದರು. “ಇಲ್ಲೇ ಇರ್ಲಿ ಬುಡ್ಲಾ, ಮಕ್ಳು ಅಪ್ಪನ್ನ ಕಣ್ತುಂಬಾ ನೋಡ್ಲಿ” ಎಂದು ಯಜಮಾನರ ತಮ್ಮ ಮೊಪೆಡ್ಡಿನ ಮೇಲೆ ಕಾಲು ಮಡಿಸಿ ಕೂತ.

ಅವನ ಹೆಂಡತಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ದಿನಾ ಕೊಡುವ ಹಾಗೆ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಗೆ ಬಂದಳು. ಗಂಡನ ಪಂಚೆ, ತನ್ನ ಸೀರೆ, ಮಕ್ಕಳ ಲಂಗ. ಯಾರ ಮುಖವನ್ನೂ ನೋಡದೆ ಬಂದು ಗಂಟನ್ನು ಕತ್ತೆಯ ಕತ್ತಿನ ಬುಡಕ್ಕೆ, ಗಂಡನ ಬೆನ್ನಿಗೆ ತಾಗುವ ಹಾಗೆ ಇಟ್ಟಳು. ಕತ್ತೆ ತಕ್ಷಣ ನಡೆಯಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತೆ ನಡೆಸುವ ಗುಟ್ಟು ಸಿಕ್ಕಿತ್ತು. ಅಲ್ಲಿಂದ ಮುಂದೆ ಪ್ರತಿ ಬಾಗಿಲಲ್ಲೂ ಏನಾದರೊಂದನ್ನು ಎಸೆದರು. ಒಳ್ಳೆಯ ಬಟ್ಟೆಯನ್ನಲ್ಲ. ಹರಿದ ಗೋಣಿ, ದನದ ಕೊಟ್ಟಿಗೆ ಒರೆಸಿದ ಚಿಂದಿ, ಕೂಸಿನ ಕಕ್ಕದ ಬಟ್ಟೆ. ಕತ್ತೆಯ ಬೆನ್ನಿನಲ್ಲಿ ಜಾಗವಿರಲಿಲ್ಲ, ಅವನ ತಲೆಯ ಮೇಲೆ, ಹೆಗಲ ಮೇಲೆ ಎಸೆದರು. ಎಸೆದಾಗಲೆಲ್ಲ ಕತ್ತೆ ತನ್ನ ಕೆಲಸ ಸರಿಯಾಯಿತೆಂದು ಮುಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಬೀದಿ ಮುಗಿಯುವಾಗ ಅವನ ಮುಖ ಕಾಣುತ್ತಿರಲಿಲ್ಲ.

ಆ ಹೆಂಗಸಿನ ಗಂಟನ್ನು ನಾನು ಬೇರೆಯಾಗಿ ತೆಗೆದಿಟ್ಟುಕೊಂಡೆ. ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಯ ಹಬೆಯಲ್ಲಿ ಬೇಯಿಸಿ, ಒಗೆದು ಒಣಗಿಸಿ ತೆಗೆದುಕೊಂಡು ಹೋಗುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಮೊದಲ ಬಸ್ಸಿಗೇ ಹೋದರಂತೆ. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಮೆರವಣಿಗೆಯ ಮಾರನೆಯ ಬೆಳಿಗ್ಗೆಯೇ ಕತ್ತೆಗೆ ನೀರು ಹೊಯ್ದು, ಅರಿಸಿನ ಚಿಮುಕಿಸಿ ಹೊರಡಿಸಿದೆವು. ಯಜಮಾನರ ಬಾಗಿಲಲ್ಲಿ ನಿಂತಿತು. ಅವರ ತಾಯಿ ಗಂಟು ಹಿಡಿದು ಬಂದವರು ಮೆಟ್ಟಿಲ ಮೇಲೆಯೇ ನಿಂತರು.

“ಕಳ್ಳನ್ನ ಹೊತ್ತಿದ್ದು ಇದೇ ಅಲ್ವೇನೇ?”

“ಇರೋದು ಇದೊಂದೇ ಅಲ್ವ್ರವ್ವ” ಎಂದರು ಅತ್ತೆ. “ನಿಮ್ ಮಗನೇ ಹಾಕ್ತೀವಿ ಅಂದಿದ್ರು.”

“ಅವನೇನು ಗಂಡ್ಸು, ಹೇಳ್ತಾನೆ. ದೇವ್ರ ಮನೆ ಬಟ್ಟೆ ಇದ್ರ ಮ್ಯಾಲೆ ಹಾಕೋಕಾಯ್ತದಾ? ಊರು ಬಿಡ್ಸು ಮೊದ್ಲು ಇದನ್ನ. ಆಮೇಲೆ ಬಾ.”

ಮುಂದಿನ ಮನೆಯಲ್ಲೂ ಅದೇ ಮಾತು. ಅದರ ಮುಂದಿನ ಮನೆಯಲ್ಲಿ ಮಾತೂ ಇಲ್ಲ, ಬಾಗಿಲು ಹಾಕಿಕೊಂಡರು. ಅತ್ತೆ ಯಜಮಾನರ ತಮ್ಮನನ್ನು ಹುಡುಕಿಕೊಂಡು ಹೋದರು. ಅವನು, “ಹೆಂಗಸ್ರ ವಿಚಾರಕ್ಕೆ ನಾನ್ ಬರಲ್ಲ ಕಣಮ್ಮ” ಎಂದು ಹೇಳಿ ಹೋದ. ಆ ಸಂಜೆ ಹಿಟ್ಟು ಬರಲಿಲ್ಲ. ನಾವಿಬ್ಬರೂ ನೀರು ಕುಡಿದು ಮಲಗಿದೆವು. ಆಮೇಲೆ ಸಂತೆಯ ದಿನ ನಿಮ್ಮ ತಾತ ಕೂಲಿಯಲ್ಲಿ ತಂದ ರಾಗಿಯಲ್ಲೇ ದಿನ ದೂಡಿದೆವು.

ಕತ್ತೆಗೆ ಇದು ಯಾವುದೂ ತಿಳಿಯದು. ಕಟ್ಟಿಹಾಕಿದರೆ ಗೂಟ ಕಿತ್ತುಕೊಂಡು ಹೋಗುತ್ತಿತ್ತು. ಮುಂಗಾಲು ಬಿಗಿದರೆ ಕುಪ್ಪಳಿಸಿಕೊಂಡು ಹೋಗುತ್ತಿತ್ತು. ಹೋಗಿ ಬಾಗಿಲು ಬಾಗಿಲಿಗೆ ನಿಲ್ಲುತ್ತಿತ್ತು. ಪೊರಕೆಯಲ್ಲಿ ಹೊಡೆದರು, ಕಲ್ಲು ಬೀರಿದರು. ಒಬ್ಬಳು ಒಲೆಯ ಮೇಲಿದ್ದ ಬಿಸಿನೀರು ತಂದು ಎರಚಿದಳು. ಪಕ್ಕೆಯ ಚರ್ಮ ಸುಲಿದು ಬಂತು. ಆಗಲೂ ಅದು ನಡುಗುತ್ತಾ ಅಲ್ಲೇ ನಿಂತಿತ್ತಂತೆ, ಗಂಟು ಬೀಳಲಿಲ್ಲವಲ್ಲ ಎಂದು. ನಾನು ಹೋಗಿ ನನ್ನ ಸೆರಗನ್ನೇ ಗಂಟಿನ ಹಾಗೆ ಸುತ್ತಿ ಬೆನ್ನಿಗೆ ಹಾಕಿ ಹೊರಡಿಸಿಕೊಂಡು ಬಂದೆ. ಸುಟ್ಟ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ನೊಣ ಇನ್ನೂ ಹೆಚ್ಚು ಕೂತವು.

ಆಮೇಲೆ ಅತ್ತೆ ಒಂದು ದಿನ ಮಟ್ಟೆ ತೆಗೆದುಕೊಂಡರು. ಹಿಂದೆ ನಿಲ್ಲುವುದನ್ನು ಕಲಿಸಿದವರು ಈಗ ನಿಲ್ಲದಿರುವುದನ್ನು ಕಲಿಸಲು ಹೊರಟರು. ಕತ್ತೆ ಪಾಠ ಮರೆತು ಸಾಧುವಾದರೆ ಊರಿನವರೂ ಮರೆಯುತ್ತಾರೆ, ಕತ್ತೆ ಉಳಿಯುತ್ತದೆ, ಹಿಟ್ಟೂ ಉಳಿಯುತ್ತದೆ ಎಂದು ಅವರ ಲೆಕ್ಕ. ಬಾಗಿಲಲ್ಲಿ ನಿಂತರೆ ಮೂತಿಗೆ ಏಟು, ಕಾಲಿಗೆ ಏಟು. ಮೊದಲು ಯಾವುದಕ್ಕೆ ಏಟು ಬೀಳುತ್ತಿತ್ತೋ ಅದನ್ನೇ ಮಾಡೆಂದು ಈಗ ಏಟು. ಕತ್ತೆಗೆ ಎರಡೂ ಪಾಠ ನೆನಪಿತ್ತು. ಬಾಗಿಲ ಹತ್ತಿರ ಬಂದರೆ ನಿಲ್ಲಲು ಹೆದರಿಕೆ, ದಾಟಲು ಹೆದರಿಕೆ. ಕೊನೆಗೆ ಎರಡು ಮನೆಗಳ ನಡುವೆ, ಯಾವ ಬಾಗಿಲೂ ಇಲ್ಲದ ಗೋಡೆಯ ಪಕ್ಕದಲ್ಲಿ ನಿಂತು, ಸೀಳಿದ ಮೂಗಿನಲ್ಲಿ ಬುಸುಗುಟ್ಟಿತು. ಅಲ್ಲಿಂದ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅತ್ತೆ ಹೊಡೆದು ಹೊಡೆದು ಸುಸ್ತಾಗಿ ಅದೇ ಗೋಡೆಗೆ ಒರಗಿ ಕೂತರು. ಅಳುತ್ತಿದ್ದರೋ ಬೆವರು ಒರೆಸಿಕೊಂಡರೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕೊಬ್ಬರಿಯ ಸುದ್ದಿ ಹೊರಗೆ ಬಂತು. ಮೂಟೆ ಸಾಗಿಸಿದ್ದು ಯಜಮಾನರ ಅಳಿಯನಂತೆ. ಕಿಬ್ಬನಹಳ್ಳಿಯ ಕಡೆ ಯಾರಿಗೋ ಮಾರಿದ್ದನಂತೆ. ಅವನೇ ಕುಡಿದಾಗ ಹೇಳಿಕೊಂಡು ನಕ್ಕನಂತೆ. ಊರಿನಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅಳಿಯನಿಗೆ ಕತ್ತೆ ಬೇಕಾಗಲಿಲ್ಲ, ಹೊಸ ಪಂಚೆ ಉಟ್ಟುಕೊಂಡು ಬಂದು ಹಬ್ಬದ ಊಟ ಮಾಡಿ ಹೋದ.

ಅತ್ತೆಗೆ ಮಾತ್ರ ಮುಖದ ಮೇಲೆ ಜೀವ ಬಂತು. ನನ್ನನ್ನೂ ಕರೆದುಕೊಂಡು ಯಜಮಾನರ ಹಿತ್ತಲ ಬಾಗಿಲಿಗೆ ಹೋದರು. ಮುದಿ ತಾಯಿ ಅಕ್ಕಿ ಆರಿಸುತ್ತಿದ್ದರು.

“ಅವ್ವಾ, ಅವ್ನು ಕಳ್ಳ ಅಲ್ವಂತೆ.”

“ಹೂಂ, ಅಲ್ವಂತೆ. ಹೋಗ್ಲಿ ಬುಡು, ಆಗಿದ್ದು ಆಯ್ತು.”

“ಅವ್ನು ಕಳ್ಳ ಅಲ್ಲ ಅಂದ್ಮೇಲೆ ನಮ್ ಕತ್ತೆ ಕಳ್ಳನ್ನ ಹೊತ್ತಂಗಾಗ್ಲಿಲ್ವಲ್ಲ ಅವ್ವ. ಬಟ್ಟೆ ಹಾಕ್ಬೌದಲ್ಲ.”

ಮುದುಕಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಯೋಚನೆ ಮಾಡಿದರು. ನಿಜವಾಗಿಯೂ ಯೋಚನೆ ಮಾಡಿದರು. “ಕಳ್ಳ ಅಲ್ದಿದ್ರೂ ಮೆರವಣಿಗೆ ಆಗಿದ್ದು ಆಯ್ತಲ್ಲೇ” ಎಂದರು. “ಚಪ್ಪಲಿ ಹಾರ ಅದ್ರ ಬೆನ್ನಿಗೆ ತಾಗಿದ್ದು ತಾಗೇ ತಾಗ್ತಲ್ಲ. ಊರು ಬಿಡ್ಸು ಅದನ್ನ. ನಿನ್ನ ಸೊಸೆ ಗಟ್ಟಿಮುಟ್ಟಾಗವ್ಳೆ.”

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದು ಆಗಲೇ.

ತಿಪಟೂರಿನ ಹತ್ತಿರ ಇಟ್ಟಿಗೆ ಗೂಡಿನಲ್ಲಿ ಕತ್ತೆಗಳಿಂದ ಹಸಿ ಇಟ್ಟಿಗೆ ಹೊರಿಸುತ್ತಿದ್ದ ಒಬ್ಬನನ್ನು ನಿಮ್ಮ ತಾತ ಕರೆತಂದರು. ಅವನು ಕತ್ತೆಯ ಬಾಯಿ ಅಗಲಿಸಿ ಹಲ್ಲು ನೋಡಿದ, ಸುಟ್ಟ ಪಕ್ಕೆಯನ್ನು ಬೆರಳಿನಿಂದ ಒತ್ತಿದ. “ಹೊರೆ ಬೀಳೋಗಂಟ ಕದಲಾಕಿಲ್ಲ” ಎಂದು ಅತ್ತೆ ಹೇಳಿದ್ದಕ್ಕೆ ಅವನಿಗೆ ಖುಷಿಯಾಯಿತು. “ನಮಗೆ ಅಂಥದ್ದೇ ಬೇಕು ಕಣಮ್ಮ. ಇಟ್ಟಿಗೆ ಹೇರೋವಾಗ ಅಲ್ಲಾಡಿದ್ರೆ ನಾವು ಕಾಲು ಮುರೀತೀವಿ.”

ಊರಿನಿಂದ ಹೊರಗೆ ಹೋಗಲು ಆ ಬೀದಿಯೇ ದಾರಿ. ಕತ್ತೆ ಮೊದಲ ಬಾಗಿಲಲ್ಲಿ ನಿಂತಿತು. ಅವನು ಮಟ್ಟೆ ಎತ್ತಿದ. ಅತ್ತೆ, “ತಡಿಯಪ್ಪ” ಎಂದು ನನಗೆ ಕಣ್ಸನ್ನೆ ಮಾಡಿದರು. ನಾನು ನಮ್ಮ ಮನೆಗೆ ಓಡಿ ಹೋಗಿ, ಬೀಗ ಬಿದ್ದ ಮನೆಯ ಆ ಮಡಿ ಬಟ್ಟೆಯ ಗಂಟನ್ನು ತಂದೆ. ಮನೆಯಲ್ಲಿ ಬೇರೆ ಯಾರ ಬಟ್ಟೆಯೂ ಇರಲಿಲ್ಲ. ಪ್ರತಿ ಬಾಗಿಲಲ್ಲೂ ಅತ್ತೆ ಆ ಗಂಟನ್ನು ಕತ್ತೆಯ ಬೆನ್ನಿಗೆ ಹಾಕಿದರು. ಅದು ನಡೆದ ಮೇಲೆ ತೆಗೆದುಕೊಂಡು, ಮುಂದಿನ ಬಾಗಿಲಲ್ಲಿ ಮತ್ತೆ ಹಾಕಿದರು. ಬಾಗಿಲುಗಳಲ್ಲಿ ನಿಂತವರು ನಕ್ಕರು. ಸುಲಿಯುವವನ ಮನೆಯ ಮುಂದೆಯೂ ಹಾಗೆಯೇ ಹಾಕಿ, ತೆಗೆದರು. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು.

ಬೀದಿ ಮುಗಿದ ಕಡೆ ದಾರಿ ಎರಡಾಗುತ್ತದೆ. ಒಂದು ಕೆರೆಗೆ, ಇನ್ನೊಂದು ಬಸ್ಸಿನ ರಸ್ತೆಗೆ. ಕತ್ತೆ ಕೆರೆಯ ಕಡೆಗೆ ತಿರುಗಿತು. ಗೂಡಿನವನು ಹಗ್ಗ ಜಗ್ಗಿದ. ಅದು ಮತ್ತೆ ಕೆರೆಯ ಕಡೆಗೆ ತಿರುಗಿತು. ಅವನು ಬೆನ್ನ ಮೇಲಿದ್ದ ಗಂಟನ್ನು ಎತ್ತಿ ನನ್ನ ಕಾಲ ಬಳಿ ಎಸೆದು, ಸುಟ್ಟ ಪಕ್ಕೆಗೆ ಸರಿಯಾಗಿ ಒಂದು ಬಿಟ್ಟ. ಆಮೇಲೆ ಅದು ಅವನ ಹಿಂದೆ ಹೋಯಿತು.

ಮಾರನೆಯ ಬೆಳಿಗ್ಗೆ ಅತ್ತೆ ಹಳೆಯ ಸೀರೆ ಸುತ್ತಿ ಸಿಂಬೆ ಮಾಡಿ ನನ್ನ ತಲೆಯ ಮೇಲಿಟ್ಟರು. ನಾನು ಆಗ ನಿಮ್ಮ ದೊಡ್ಡಪ್ಪನನ್ನು ಹೊತ್ತಿದ್ದೆ, ಇನ್ನೂ ಹೊರಗೆ ತಿಳಿಯುವಂತಿರಲಿಲ್ಲ. ನನ್ನ ಕತ್ತು ಒಂದು ಕಡೆಗೆ ಯಾಕೆ ತಿರುಗುವುದಿಲ್ಲ ಎಂದು ನೀವು ಕೇಳುತ್ತೀರಲ್ಲ, ಅದು ಶುರುವಾದದ್ದು ಅಲ್ಲಿಂದ.

“ನಡಿ” ಎಂದರು ಅತ್ತೆ. “ಕರೀಬ್ಯಾಡ, ಕೇಳ್ಬ್ಯಾಡ. ಬಾಗ್ಲಲ್ಲಿ ನಿಂತ್ಕೋ ಸಾಕು.”

ಯಜಮಾನರ ಬಾಗಿಲಲ್ಲಿ ನಿಂತೆ. ಮುದಿ ತಾಯಿ ಒಳಗಿನಿಂದ ನನ್ನನ್ನು ನೋಡಿದರು, ಹಿಂದೆ ಕತ್ತೆ ಇದೆಯೇ ಎಂದು ಬಗ್ಗಿ ನೋಡಿದರು, ಮತ್ತೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಿಸಿಲು ಏರಿತು. ಹಿಂದೆ ನಿಂತಿದ್ದ ಅತ್ತೆಯ ಕೈಯಲ್ಲಿ ಮಟ್ಟೆ ಇರಲಿಲ್ಲ. ನಾನು ಕದಲಲಿಲ್ಲ. ಕೊನೆಗೆ ಮುದುಕಿ ಮೆಟ್ಟಿಲ ಮೇಲೆ ಬಂದು, ನನ್ನನ್ನು ಮುಟ್ಟದ ಹಾಗೆ, ಅಲ್ಲಿಂದಲೇ ಗಂಟನ್ನು ತಲೆಯ ಮೇಲೆ ಬಿಟ್ಟರು. ನಾನು ಮುಂದಿನ ಬಾಗಿಲಿಗೆ ಹೋಗಿ ನಿಂತೆ.